ಮರಕ್ಕೆ ನೋಟಿಸು ಕೊಡುತ್ತಿದ್ದವನು

ಪುರಸಭೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಅದನ್ನು ಕೂಗುತ್ತಿದ್ದವನು ಗುಮಾಸ್ತನೊಬ್ಬನೇ. ಮಿಕ್ಕವರ ಬಾಯಲ್ಲಿ ಅವನು ‘ನೋಟಿಸು’. ಮರ ಕಡಿಯುವ ತಂಡದ ಮೇಸ್ತ್ರಿ. ಮೂವತ್ತೊಂದು ವರ್ಷದ ಕೆಲಸದಲ್ಲಿ ಒಂದೇ ಒಂದು ಮರಕ್ಕೂ ಹೇಳದೆ ಕೇಳದೆ ಗರಗಸ ಇಟ್ಟವನಲ್ಲ. ಕಡಿಯುವ ಹಿಂದಿನ ದಿನ ಹೋಗಿ, ತೊಗಟೆಗೆ ಹಣೆ ಹಚ್ಚಿ, ಯಾಕೆ ಕಡಿಯುತ್ತೇವೆ, ಯಾವತ್ತು ಕಡಿಯುತ್ತೇವೆ ಎಂದು ಮರದ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಮರಕ್ಕೆ ಕಿವಿ ಎಲ್ಲಿದೆ ಎಂದು ಅವನನ್ನೇ ಕೇಳಬೇಕು. ಆಮೇಲೆ ಕತ್ತೆತ್ತಿ, ಗಂಟಲು ಸರಿಮಾಡಿಕೊಂಡು, ಹಕ್ಕಿಗಳಿಗೆ ಅಳಿಲುಗಳಿಗೆ ಗಟ್ಟಿಯಾಗಿ ಹೇಳುತ್ತಿದ್ದ. ಕೊನೆಗೆ ಕುಕ್ಕರಗಾಲಲ್ಲಿ ಕೂತು ಇರುವೆಗಳಿಗೆ. ಗೂಡಿನಲ್ಲಿ ಮರಿಗಳಿದ್ದರಂತೂ ಮುಗಿದೇ ಹೋಯಿತು, ಅವು ಹೊರಡುವ ತನಕ ಯಾವ ಸಾಹೇಬ ಬಂದು ಬಾಯಿ ಬಡಿದುಕೊಂಡರೂ ಗರಗಸ ಗೋಣಿಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಇರುವೆಗಳು ಸಹಿ ಹಾಕಿ ಕೊಟ್ಟವಾ ಮೇಸ್ತ್ರಿ ಎಂದು ಹಗ್ಗ ಹಿಡಿಯುವವನು ಕಾಲೆಳೆಯುತ್ತಿದ್ದ. ಅವನೂ ಜೊತೆಗೆ ನಗುತ್ತಿದ್ದ, ಪದ್ಧತಿ ಮಾತ್ರ ಬಿಡುತ್ತಿರಲಿಲ್ಲ.

ಈ ಪದ್ಧತಿ ಸೋದರತ್ತೆಯಿಂದ ಬಂದದ್ದು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನನ್ನೂ ಅವನ ತಂಗಿಯನ್ನೂ ಸಾಕಿದವಳು ಅವಳು. ನಾಲ್ಕು ಮನೆಯ ಬಟ್ಟೆ ಒಗೆದು ಬದುಕುತ್ತಿದ್ದವಳು. ಬಿಸಿಲು, ಗಾಳಿ, ಮಣ್ಣು, ನೀರು, ಅವಳ ಪಾಲಿನ ದೇವರು ಇಷ್ಟೇ. ಇವಕ್ಕೂ ಮೇಲೆ ಇನ್ನೊಬ್ಬನಿದ್ದಾನೆ ಎಂದು ಯಾರಾದರೂ ತಿಳಿಹೇಳಲು ಬಂದರೆ, ಇರಲಿ ಬಿಡಿ, ಅವನ ಬಟ್ಟೆ ಒಣಗೋದಕ್ಕೂ ಬಿಸಿಲೇ ಬೇಕಲ್ಲ ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳಿಬ್ಬರೂ ಹಿತ್ತಲಿನ ಮಣ್ಣಿಗೆ ಅಂಗೈ ಊರಿ ಸ್ವಲ್ಪ ಹೊತ್ತು ಕೂರಬೇಕಿತ್ತು. ಈ ಮಣ್ಣೇ ಅನ್ನವಾಗಿ, ಅನ್ನವೇ ಮೈಯಾಗಿ, ಮೈ ಮತ್ತೆ ಮಣ್ಣಾಗುತ್ತದೆ, ನಡುವೆ ನಾಲ್ಕು ದಿನ ಎರಡು ಕಾಲಿನ ಮೇಲೆ ಓಡಾಡಿದ ಮಾತ್ರಕ್ಕೆ ಯಜಮಾನಿಕೆ ಬರುವುದಿಲ್ಲ ಎಂಬುದು ಅವಳ ಪಾಠ. ತಂಗಿ ಮದುವೆಯಾದ ಮೇಲೆ ಅಂಗೈ ಊರುವುದನ್ನು ಬಿಟ್ಟಳು. ಅಣ್ಣ ಮದುವೆಯನ್ನೂ ಆಗಲಿಲ್ಲ, ಅದನ್ನೂ ಬಿಡಲಿಲ್ಲ.

ಹಾಗಾಗಿ ಅವನಿಗೆ ಈ ಭೂಮಿಯ ಮೇಲೆ ತನ್ನವರು ಅಂತ ಇದ್ದದ್ದು ತಂಗಿ ಮತ್ತು ಅವಳ ಗಂಡ. ಭಾವನದು ಸೈಕಲ್ ರಿಪೇರಿ. ಹಳೆಯ ಆಸ್ಪತ್ರೆಯ ಗೋಡೆಯ ಪಕ್ಕ, ಒಂದು ದೊಡ್ಡ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಗಾಳಿ ಹೊಡೆಯುವ ಪಂಪು, ಪಂಕ್ಚರ್ ನೋಡಲು ಒಂದು ಬೋಗುಣಿ ನೀರು, ಇದೇ ಅಂಗಡಿ. ಬೇರಿಗೆ ಬೆನ್ನು ಕೊಟ್ಟು ಕೂತು ಕೂತು ಅಲ್ಲಿನ ತೊಗಟೆ ನುಣುಪಾಗಿತ್ತು. ಒಳ್ಳೆಯ ಮನುಷ್ಯ, ಹಾಸ್ಯಗಾರ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನೋಟಿಸು ಅಲ್ಲಿ ಅರ್ಧ ಲೋಟ ಚಹಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ.

ಆ ಮರದ ಮೇಲೆ ಆಸ್ಪತ್ರೆಯವರು ಅರ್ಜಿ ಕೊಟ್ಟಿದ್ದರು, ಕೊಂಬೆ ಮಾಡಿನ ಮೇಲೆ ಬಾಗಿದೆ ಎಂದು. ಸೋಮವಾರ ನೋಟಿಸು ಹೋಗಿ ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ನೋಡಿದ. ಗಟ್ಟಿಮರ ತಟ್ಟಿದರೆ ಬರುವ ಸದ್ದೇ ಬೇರೆ. ಇಲ್ಲಿ ರಸ್ತೆಯ ಕಡೆಗೆ ಸದ್ದು ಖಾಲಿ ಡಬ್ಬಿ ಬಡಿದಂತೆ ಬಂತು. ಒಳಗೆ ಆಳೆತ್ತರಕ್ಕೆ ಟೊಳ್ಳು. ಏಣಿ ಹಾಕಿ ಹತ್ತಿದರೆ, ಅದೇ ಪೊಟರೆಯ ಬಾಯಲ್ಲಿ ನಾಲ್ಕು ಅಳಿಲು ಮರಿಗಳು, ಇನ್ನೂ ಕಣ್ಣು ತೆರೆಯದವು.

ಅವನು ಇಳಿದು ಬಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿದ. ತೊಗಟೆಗೆ ಹಣೆ ಹಚ್ಚಿ, ನಿನ್ನ ಹೊಟ್ಟೆ ಪೂರಾ ಖಾಲಿಯಾಗಿದೆ, ಹೆಚ್ಚು ದಿನ ನಿಲ್ಲಲಾರೆ, ಮರಿಗಳು ಹೊರಡಲಿ, ಶುಕ್ರವಾರ ಬರುತ್ತೇನೆ ಎಂದು ಮರಕ್ಕೆ ಪಿಸುಮಾತಿನಲ್ಲಿ ಹೇಳಿದ. ಮೇಲೆ ನೋಡಿ ತಾಯಿ ಅಳಿಲಿಗೆ, ಶುಕ್ರವಾರದೊಳಗೆ ಮರಿಗಳನ್ನು ಸಾಗಿಸಿಕೋ ತಾಯಿ ಎಂದ. ಇರುವೆಗಳಿಗೂ ಹೇಳಿದ. ಪಕ್ಕದಲ್ಲೇ ಕೂತು ಟ್ಯೂಬಿಗೆ ಪ್ಯಾಚು ಹಚ್ಚುತ್ತಿದ್ದ ಭಾವ, ನಮಗೂ ಒಂದು ಪ್ರತಿ ಕೊಡಪ್ಪ ಎಂದು ನಕ್ಕ. ನೋಟಿಸೂ ನಕ್ಕ. ಕೊಡಲಿಲ್ಲ.

ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಕೆಂಪು ಗುರುತು ರಸ್ತೆ ಅಗಲ ಮಾಡಲು ಕಡಿಯುವ ಮರಕ್ಕೂ ಒಂದೇ, ಕೊಳೆತ ಮರಕ್ಕೂ ಒಂದೇ. ಭಾವ ಇದು ರಸ್ತೆಯ ಸಲುವಾಗಿ ಅಂದುಕೊಂಡ. ಒಳಗೆ ಟೊಳ್ಳು ಎಂಬುದು ಇಡೀ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ನೋಟಿಸಿಗೆ ಮತ್ತು ಮರಕ್ಕೆ. ಅವನು ಮುಚ್ಚಿಟ್ಟದ್ದಲ್ಲ. ಮಾತು ಬಾರದವರಿಗೆ ಹೇಳಬೇಕು, ಮನುಷ್ಯನಿಗೆ ಕಣ್ಣಿದೆ, ತಾನೇ ನೋಡಿಕೊಳ್ಳುತ್ತಾನೆ ಎಂಬುದು ಮೂವತ್ತೊಂದು ವರ್ಷದಿಂದ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅದರ ಮೇಲೆ ಈ ಮರ ಇನ್ನೊಂದು ತಿಂಗಳು ತಡೆಯುತ್ತದೆ ಎಂಬ ಕೆಲಸಗಾರನ ಧೈರ್ಯ ಬೇರೆ.

ಗುರುವಾರ ಬೆಳಿಗ್ಗೆ ಚಹಾಕ್ಕೆ ಬಂದಾಗ ತಾಯಿ ಅಳಿಲು ಮೂರನೆಯ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆ ದಾಟುತ್ತಿತ್ತು. ಅವನಿಗೆ ಎಲ್ಲಿಲ್ಲದ ಖುಷಿ. ಮೂರಾಯಿತು, ಇನ್ನೊಂದು ಬಾಕಿ ಎಂದು ಭಾವನಿಗೆ ತೋರಿಸಿದ. ಇಬ್ಬರೂ ಆ ಮರಕ್ಕೇ ಒರಗಿ ಚಹಾ ಮುಗಿಸಿದರು.

ಮಧ್ಯಾಹ್ನ ಗಾಳಿ ಎದ್ದಿತು. ಅಂಥ ದೊಡ್ಡ ಗಾಳಿಯೇನಲ್ಲ, ದಾರದ ಮೇಲಿನ ಬಟ್ಟೆ ಹಾರುವಷ್ಟು. ಮರ ರಸ್ತೆಯ ಕಡೆಗೆ ಬಿತ್ತು. ಸುದ್ದಿ ತಿಳಿದು ನೋಟಿಸು ಬರುವಷ್ಟರಲ್ಲಿ ಜನ ಕಾಂಡವನ್ನು ಎತ್ತಲು ಒದ್ದಾಡುತ್ತಿದ್ದರು. ಅಂಥದ್ದನ್ನು ಎತ್ತಲಾಗುವುದಿಲ್ಲ, ತುಂಡು ಮಾಡಿಯೇ ತೆಗೆಯಬೇಕು ಎಂಬುದು ಅವನಿಗೆ ಗೊತ್ತಿತ್ತು. ಗರಗಸ ಹಿಡಿದವನು ಅವನೇ. ಮೊದಲು ಪಂಪು ಕಾಣಿಸಿತು, ಆಮೇಲೆ ಭಾವನ ಕೈ. ಕೊನೆಯ ಅಳಿಲು ಮರಿಯೂ ಅಲ್ಲೇ ಒಂದು ಮಾರು ದೂರದಲ್ಲಿ ಸತ್ತು ಬಿದ್ದಿತ್ತು. ಆ ಮರಕ್ಕೆ ಯಾರ ಮೇಲೂ ಹಗೆಯಿರಲಿಲ್ಲ, ಯಾರ ಮೇಲೂ ಕರುಣೆಯೂ ಇರಲಿಲ್ಲ. ಇಷ್ಟು ವರ್ಷ ಎಲ್ಲ ಜೀವವೂ ಒಂದೇ ಎಂಬುದನ್ನು ದೊಡ್ಡ ಮಾತು ಎಂದು ನಂಬಿ ಹೇಳಿಕೊಂಡು ಬಂದವನಿಗೆ ಅವತ್ತು ಅದು ಬರೀ ನಿಜವಾಗಿ ಕಂಡಿತು.

ಮರುದಿನ ಪುರಸಭೆಯಲ್ಲಿ ಸಾಹೇಬ ಒಳಗೆ ಕರೆದು ಬಾಗಿಲು ಹಾಕಿಕೊಂಡ. ಗಾಳಿಗೆ ಬಿತ್ತು ಎಂದು ವರದಿ ಬರೆದಾಗಿತ್ತು. ಸೋಮವಾರ ನೋಡಿದ್ದು, ಶುಕ್ರವಾರಕ್ಕೆ ಮುಂದೂಡಿದ್ದು, ಈ ಯಾವ ಮಾತೂ ಹೊರಗೆ ಬರಬಾರದು, ಬಂದರೆ ನಿನ್ನ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ ಎಂದ. ನೋಟಿಸು ವರದಿಗೆ ಸಹಿ ಹಾಕಿದ. ಕೆಲಸದ ಚಿಂತೆ ಅವನಿಗೆ ಇರಲಿಲ್ಲ. ಬಾಯಿ ಬಿಟ್ಟರೆ ತಂಗಿ ಕೈಬಿಟ್ಟು ಹೋಗುತ್ತಾಳೆ, ಅವಳ ಹೊರತು ತನಗೆ ಯಾರೂ ಇಲ್ಲ ಎಂಬುದು ಅವನ ಬಾಯಿ ಕಟ್ಟಿಹಾಕಿತು.

ಹದಿನೈದು ದಿನ ಅವನು ತಂಗಿಯ ಮನೆಯಲ್ಲೇ ಇದ್ದ. ನೀರು ತಂದ, ಸೋರುವ ಮಾಡಿಗೆ ತಗಡು ಹೊಡೆದ, ಅವಳು ಉಣ್ಣಲೊಲ್ಲೆ ಎಂದಾಗ ಗದರಿ ಉಣ್ಣಿಸಿದ. ಬಂದವರ ಮುಂದೆಲ್ಲ ಅವಳದು ಒಂದೇ ಮಾತು, ಅಣ್ಣ ಇರೋದಕ್ಕೆ ನಾನು ಬದುಕಿದ್ದೀನಿ ಎಂದು. ಅದನ್ನು ಕೇಳಿದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಬೆಳಿಗ್ಗೆ ಮಣ್ಣಿಗೆ ಅಂಗೈ ಊರಿದವನು ಕೂಡಲೇ ತೆಗೆದುಬಿಡುತ್ತಿದ್ದ. ಹೀಗೆ ಎಷ್ಟು ದಿನ ಅಂತ ತಡೆಯುವುದು?

ಹದಿನಾರನೆಯ ದಿನ ಮಧ್ಯಾಹ್ನ ತಂಗಿ ಜಗುಲಿಯ ಮೇಲೆ ಗಂಡನ ಪೆಟ್ಟಿಗೆ ಬಿಚ್ಚಿ ಕೂತಿದ್ದಳು. ಚಕ್ರದ ಕಡ್ಡಿಗಳನ್ನು ಒಂದು ಕಡೆ, ನಟ್ಟುಗಳನ್ನು ಒಂದು ಕಡೆ ಬೇರೆ ಮಾಡುತ್ತಿದ್ದಳು. ಅವನು ಎದುರಿಗೆ ಕೂತು, “ಮರ ಟೊಳ್ಳು ಅಂತ ನಂಗೆ ಸೋಮವಾರವೇ ಗೊತ್ತಿತ್ತು ಕಣೇ,” ಎಂದ.

ಅವಳ ಕೈ ನಿಂತಿತು. ಅವನು ಎಲ್ಲವನ್ನೂ ಹೇಳಿದ, ಕೊಡಲಿಯ ಸದ್ದು, ಪೊಟರೆ, ನಾಲ್ಕು ಮರಿಗಳು, ಶುಕ್ರವಾರ, ಸಾಹೇಬನ ವರದಿ. ಮುಗಿದ ಮೇಲೆ ಕೇಳಿದಳು.

“ಮರಕ್ಕೆ ಹೇಳಿದ್ಯಾ?”

“ಹೇಳ್ದೆ.”

“ಅಳಿಲಿಗೆ?”

“ಹೇಳ್ದೆ.”

“ಇವರಿಗೆ?”

ಭಾವನಿಗೆ ಕಣ್ಣಿದೆ, ಗುರುತು ನೋಡುತ್ತಾನೆ ಅಂದುಕೊಂಡೆ ಎಂದು ಅವನು ತೊದಲಿದ. ಅದು ತನ್ನ ಕಿವಿಗೇ ಹಿಡಿಸದೆ, ಸತ್ತು ಎಷ್ಟೋ ವರ್ಷವಾದ ಅತ್ತೆಯನ್ನು ನಡುವೆ ಎಳೆದು ತಂದ. “ಅತ್ತೆ ಹೇಳ್ತಿರ್ಲಿಲ್ವಾ, ನಾವೇನು ಮಿಕ್ಕ ಜೀವಗಳಿಗಿಂತ ಹೆಚ್ಚಲ್ಲ ಅಂತ. ನಾನು ಹಾಗೇ ನಡ್ಕೊಂಡೆ.”

“ಹೆಚ್ಚು ಅಂತ ನಾನು ಎಲ್ಲಿ ಕೇಳ್ತಿದೀನಿ ಅಣ್ಣ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಇವರನ್ನ ಅಳಿಲಿಗೆ ಸಮ ಅಂತಾದ್ರೂ ನೋಡ್ಬೇಕಿತ್ತು.”

ಕಡ್ಡಿಗಳನ್ನೂ ನಟ್ಟುಗಳನ್ನೂ ಒಟ್ಟಿಗೆ ಪೆಟ್ಟಿಗೆಗೆ ಸುರಿದು ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಅವನಿಗೆ ಎದ್ದು ಹೋಗಲು ಸುಲಭವಾಗುತ್ತಿತ್ತು.