ಕೇಳಿಲ್ಲಿ ಮಾವನ ಮನೆಮಾತು

ಯಾವ ಮಾತು ಶುರು ಮಾಡಿದರೂ ಮೊದಲು 'ಕೇಳಿಲ್ಲಿ' ಅನ್ನುತ್ತಿದ್ದರು. ಹಾಗಾಗಿ ಊರವರ ಬಾಯಲ್ಲಿ ಅವರು ಕೇಳಿಲ್ಲಿ ಮಾವ. ಅವರು ಊರಿಗೆಲ್ಲ ಮಾವನಾದ ಮೇಲೆ ಹೆಂಡತಿ ಊರಿಗೆಲ್ಲ ಅತ್ತೆ. ಆದರೆ ಆ 'ಕೇಳಿಲ್ಲಿ' ಅತ್ತೆಯ ಕಿವಿಗೆ ಬೀಳುತ್ತಿದ್ದದ್ದು ಬೇಲಿಯಾಚೆಯಿಂದ ಮಾತ್ರ. ಮನೆಯೊಳಗೆ ಕಾಲಿಟ್ಟರೆ ಮಾವನ ಬಾಯಿಗೆ ಬೀಗ. ಮಣ್ಣು ಮೆತ್ತಿದ ಬೂಟು ಕಳಚಿ, ಕೈತೊಳೆದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆಂದರೆ, ಊಟಕ್ಕೆ ಕರೆದಾಗ ಒಂದು 'ಹೂಂ', ಇನ್ನಷ್ಟು ಬಡಿಸಲಾ ಅಂದರೆ ಇನ್ನೊಂದು 'ಹೂಂ'. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅತ್ತೆ ಪಾತ್ರೆ ಕುಕ್ಕಿದರೆ ಅದಕ್ಕೂ 'ಹೂಂ'.

ಅಪ್ಪ ತೀರಿಕೊಂಡಾಗ ಮಾವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ತಂಗಿಯರನ್ನು ದಡ ಸೇರಿಸಿ, ಕಲ್ಲುಹೊಲವನ್ನು ಹದಕ್ಕೆ ತಂದು, ಆಮೇಲೆ ಮದುವೆಯಾದರು. ಗುದ್ದಲಿ, ಹಾರೆ, ಔಷಧಿ ಹೊಡೆಯುವ ಪಂಪು ಯಾವುದೂ ಅವರ ಕೊಟ್ಟಿಗೆಯಲ್ಲಿ ನಿಂತದ್ದಿಲ್ಲ. ಕೇಳಿದವರ ಕೈಗೆ ಕೊಟ್ಟು, ಜೊತೆಗೆ ತಾವೂ ಹೋಗುತ್ತಿದ್ದರು. ಎಲ್ಲರ ಬಿತ್ತನೆ ಮುಗಿದ ಮೇಲೆ ಅವರದು.

ಸತ್ತದ್ದು ಆಲೂಗಡ್ಡೆ ಕೀಳುವ ಕಾಲದಲ್ಲಿ. ಟ್ರ್ಯಾಕ್ಟರಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದರು. ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಜೊತೆಯವರು ಇನ್ನೊಂದು ಸಾಲು ಮುಗಿಸಿಯೇ ಹತ್ತಿರ ಬಂದರು.

ಮುಂದಿನ ವಾರ ಹಾಲಿನ ಡೈರಿಯ ಉದ್ದನೆಯ ಕೋಣೆಯಲ್ಲಿ ಊರು ಸೇರಿತು, ಮಾವನನ್ನು ನೆನೆಯುವುದಕ್ಕೆ. ಅತ್ತೆಗೆ ಹೋಗುವ ಮನಸ್ಸಿರಲಿಲ್ಲ. ಮಗಳು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. 'ತಮಗೆ ಸಿಕ್ಕ ಮಾತನ್ನೆಲ್ಲ ಇವರೀಗ ನನ್ನೆದುರು ಎಣಿಸುತ್ತಾರೆ' ಎಂದು ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು.

ಮೊದಲು ಎದ್ದವನು ಟ್ರ್ಯಾಕ್ಟರ್ ಮೆಕ್ಯಾನಿಕ್. ಕಾಲುವೆ ನೀರಿಗಾಗಿ ಅಕ್ಕಪಕ್ಕದ ಹೊಲದವರಿಬ್ಬರು ಗುದ್ದಲಿ ಎತ್ತಿ ನಿಂತ ದಿನದ ಕತೆ ಹೇಳಿದ. "ಬಿಡಿಸೋಕೆ ಯಾರಿಗೂ ಧೈರ್ಯ ಇಲ್ಲ. ಮಾವ ನಿಧಾನಕ್ಕೆ ಬಂದ್ರು. 'ಕೇಳಿಲ್ಲಿ, ಹೊಡ್ಕೊಳ್ಳಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಎರಡು ಗುದ್ದಲೀನೂ ನಂದೇ. ಕಾವು ಮುರಿದ್ರೆ ನನ್ನ ಹೆಂಡ್ತಿಗೆ ಉತ್ತರ ಹೇಳೋರು ಯಾರು?' ಅಂದ್ರು. ಇಬ್ರೂ ನಕ್ಕುಬಿಟ್ರು!"

ಕೋಣೆಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಈ ಕತೆಯಲ್ಲಿ ತಾನೆಲ್ಲಿಂದ ಬಂದೆ?

ಆಮೇಲೆ ಡೈರಿಯಲ್ಲಿ ಹಾಲು ಅಳೆಯುವ ಹೆಂಗಸು ಎದ್ದಳು. "ಮಾವ, 'ನಮ್ಮ ಹಸು ನನ್ನ ಒದೆಯುತ್ತೆ, ನಮ್ಮನೆಯವಳಿಗೆ ಮಾತ್ರ ಹಾಲು ಕೊಡುತ್ತೆ. ಯಜಮಾನ ಯಾರು ಅಂತ ಅದಕ್ಕೂ ಗೊತ್ತು' ಅಂತಿದ್ರು." ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಯಾರ ಕತೆ ತಿರುವಿದರೂ ಅದರಲ್ಲೊಂದು ಕಡೆ ಅತ್ತೆ: ಬೈಯುವ ಅತ್ತೆ, ಬಿತ್ತನೆಗೆ ದಿನ ಹೇಳುವ ಅತ್ತೆ, ಕೆಮ್ಮಿಗೆ ಕಷಾಯ ಕಳಿಸುವ ಅತ್ತೆ. ಮನೆಯಲ್ಲಿ ತನ್ನ ಹತ್ತಿರ ನಾಲ್ಕು ಮಾತಾಡದ ಮನುಷ್ಯ ಹೊರಗೆ ತನ್ನನ್ನು ಹೀಗೆ ಹೊತ್ತು ತಿರುಗುತ್ತಿದ್ದನೇ! ಅತ್ತೆಗೆ ಸಿಟ್ಟು ಬಂತು, ಆದರೂ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ ಮುಂದಿನ ಕತೆಗೆ ಕಿವಿಗೊಟ್ಟರು.

ಕೊನೆಗೆ ಹಿಂದಿನಿಂದ ಒಬ್ಬ ಮುದುಕ, "ರೋಗ ಬಂದು ಇಡೀ ಊರಿನ ಬೆಳೆ ಕೊಳೆತು ಹೋದ ವರ್ಷಾನೂ ನಮ್ಮನ್ನ ನಗಿಸಿದ್ರಪ್ಪ. 'ಬಿಡ್ರೋ, ಈ ಸಲ ಬಗ್ಗಿ ಕೀಳೋದು ತಪ್ಪಿತು, ಸೊಂಟ ಉಳೀತು' ಅಂದ್ರು. ಎಂಥ ಗಟ್ಟಿ ಗುಂಡಿಗೆ!" ಅಂದ.

"ಗಟ್ಟಿ ಏನೂ ಇರ್ಲಿಲ್ಲ," ಎಂದರು ಅತ್ತೆ. ಕೂತಲ್ಲಿಂದಲೇ ಹೇಳಿದ್ದು, ಆದರೂ ಎಲ್ಲರ ತಲೆ ಅವರತ್ತ ತಿರುಗಿತು.

"ಅವತ್ತು ಸಾಯಂಕಾಲ ನಾನು ಹಾಲು ಕರೀತಿದ್ದೆ. ನಿಮ್ಮನ್ನೆಲ್ಲ ನಗಿಸಿ ಬಂದೋರು ಸೀದಾ ಕೊಟ್ಟಿಗೆಗೆ ಬಂದು ಹಸುವಿನ ಮೈಗೆ ಹಣೆ ಒತ್ತಿ ನಿಂತ್ಬಿಟ್ರು. ಭುಜ ನಡುಗ್ತಿತ್ತು. ಒದೆಯೋ ಹಸುನೂ ಅವತ್ತು ಅಲ್ಲಾಡ್ಲಿಲ್ಲ. ನಾನು ಏನೂ ಕೇಳ್ಲಿಲ್ಲ. ಕರೆದು ಮುಗಿಸಿ, ಬನ್ನಿ ಒಳಗೆ ಅಂದೆ. ಹೂಂ ಅಂದ್ರು."

"ನಮಗೆ ಗೊತ್ತೇ ಆಗ್ಲಿಲ್ವಲ್ಲ ಅತ್ತೆ," ಎಂದ ಮೆಕ್ಯಾನಿಕ್, ಟೋಪಿಯನ್ನು ಮಡಿಚುತ್ತ.

"ನಿಮಗೆ ಗೊತ್ತಾಗ್ಬಾರ್ದು ಅಂತಾನೇ ಅಲ್ವೇನಪ್ಪ ನಗಿಸಿದ್ದು."

ಕತೆಗಳು ಅಲ್ಲಿಗೆ ಮುಗಿದವು. ಹಾಲು ಅಳೆಯುವವಳು ಬಂದು ಅತ್ತೆಯ ಪಕ್ಕ ಕೂತಳು. ಮುದುಕ ಹೊರಡುವಾಗ ಅತ್ತೆಯ ಎದುರು ನಿಂತು, ಕೈಮುಗಿದು ಹೋದ.

ಅಮ್ಮ ಮಗಳು ಹೊಲದಂಚಿನ ದಾರಿ ಹಿಡಿದು ಮನೆಗೆ ಹೊರಟರು. "ಈ ಕತೆ ನಂಗೂ ಹೇಳಿರ್ಲಿಲ್ಲ ನೀನು," ಎಂದಳು ಮಗಳು.

"ನಿಮ್ಮಪ್ಪ ಇದ್ದಾಗ ನಮ್ಮನೇಲಿ ಮಾತು ಯಾರಿಗೆ ಬರ್ತಿತ್ತೇ?"

"ಇನ್ನೇನೇನು ಹೇಳಿಲ್ಲ?"

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ನನ್ನ ನೋಡೋಕೆ ಬಂದ ದಿನ ನಾನು ಮಾಡಿನ ಮೇಲೆ ಹೆಂಚು ಸರಿಮಾಡ್ತಿದ್ದೆ. ನಿಮ್ಮಪ್ಪ ಬಂದು ಏಣಿ ಹಿಡ್ಕೊಂಡು ನಿಂತ್ರು, ನಾನು ಇಳಿಯೋವರೆಗೂ ಉಸಿರಿಲ್ಲ. ನಮ್ಮಮ್ಮ ಹೆದರಿಬಿಟ್ಳು, 'ಹುಡುಗ ಮೂಗನೇನೇ?' ಅಂತ."

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಯ ಮಾತು ನಿಲ್ಲಲಿಲ್ಲ. ಹೆಂಚಿನಿಂದ ಮದುವೆಗೆ, ಮದುವೆಯಿಂದ ಮೊದಲ ಬೆಳೆಗೆ ಸಾಗುತ್ತಲೇ ಇತ್ತು. ಮನೆ ಮುಟ್ಟಿದಾಗ ಗೇಟಿನ ಚಿಲಕಕ್ಕೆ ಹೋಗಿದ್ದ ಕೈಯನ್ನು ಮಗಳು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡು, ಕಂಬಕ್ಕೆ ಒರಗಿ ಅಮ್ಮನ ಮಾತು ಕೇಳುತ್ತ ನಿಂತಳು.