ಅತ್ತೆ ನಂಬದ ಜಮಖಾನ

ತಂಬ್ರಹಳ್ಳಿಯ ನನ್ನ ಗಂಡನ ಮನೆಯಲ್ಲಿ ಒಂದು ಹಳೆಯ ಜಮಖಾನ ಇತ್ತು. ಮಾವನವರ ಅಣ್ಣ ಮಹಾಯುದ್ಧದ ಕಾಲಕ್ಕೆ ಸೈನ್ಯದಲ್ಲಿದ್ದಾಗ ಇರಾನಿನ ಯಾವುದೋ ಪೇಟೆಯಲ್ಲಿ ಕೊಂಡು ತಂದದ್ದು. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಮದುವೆಗಳಿಗೆ ಮಾತ್ರ ಹೊರಗೆ ಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನನ್ನ ನಾದಿನಿಯ ಮದುವೆಯಾಯಿತು. ಬೀಗರ ಕಡೆಯಿಂದ ಬಂದಿದ್ದ ಹರಪನಹಳ್ಳಿಯ ಡ್ರಾಯಿಂಗ್ ಮಾಸ್ತರರೊಬ್ಬರು ಊಟಕ್ಕೆ ಕರೆದರೂ ಏಳದೆ, ಹಾಸಿದ್ದ ಆ ಜಮಖಾನದ ಮುಂದೆ ಮಂಡಿಯೂರಿ ಕುಳಿತುಬಿಟ್ಟರು. ಕೆಂಪು ನೆಲದ ಮೇಲೆ ಎಂಟು ಮೂಲೆಯ ನಕ್ಷತ್ರಗಳು, ಸುತ್ತಲೂ ನೀಲಿ ಕೊಕ್ಕೆಗಳ ಸಾಲು. ಅಂಚನ್ನು ಎತ್ತಿ ಬೆಳಕಿಗೆ ಹಿಡಿದಾಗ, ಎರಡು ಬಣ್ಣ ಕೂಡುವ ಕಡೆಯ ಸಣ್ಣ ಸೀಳುಗಳಿಂದ ಬಿಸಿಲು ತೂರಿತು.

“ಇದು ಕಾಕಸಸ್ ಬೆಟ್ಟದ ಕಡೆ ಕೆಲಸ ರೀ. ಗಂಟು ಹಾಕಿಲ್ಲ, ಚಪ್ಪಟೆ ನೇಯ್ದಾರೆ. ಎಂಟು ದಿನ ಕೊಟ್ರೆ ಡಿಸೈನ್ ಬರ್ಕೊಂಡು ತಂದ್ಕೊಡ್ತೀನಿ” ಎಂದರು.

ಹೊಸ ಬೀಗರ ಕಡೆಯವರಿಗೆ ಇಲ್ಲವೆನ್ನಲಾಗದೆ ಅತ್ತೆ ಕೊಟ್ಟರು. ಅವರು ಹೊಸಿಲು ದಾಟಿದ್ದೇ ತಡ, “ಉಣ್ಣೋದು ಬಿಟ್ಟು ಹಾಸಿಗಿ ನೋಡೋ ಮನಷಾನ್ನ ನಾ ಎಲ್ಲೂ ಕಂಡಿಲ್ಲ” ಎಂದರು.

ಎಂಟು ದಿನ ಎಂದದ್ದು ಮೂರು ವಾರವಾಯಿತು. ಮಾಸ್ತರರು ತಾವೇ ಬಸ್ಸಿನಲ್ಲಿ ತಂದುಕೊಟ್ಟು, ಚಹಾ ಕುಡಿದು ಹೋದರು. ಅತ್ತೆ ಬಿಡಿಸಿ ಹಾಸಿದರು. ಕೆಂಪು ಹೊಳೆಯುತ್ತಿತ್ತು. ಟ್ರಂಕಿನ ಮುಗ್ಗಲು ವಾಸನೆ ಇರಲಿಲ್ಲ. ಮೂಲೆಯಲ್ಲಿ ಹುಳು ತಿಂದ ತೂತೂ ಇಲ್ಲ.

“ಇದು ನಮ್ಮದಲ್ಲ. ಅಸಲು ಇಟ್ಕೊಂಡು ನಕಲು ಕೊಟ್ಟಾನ” ಎಂದರು ಅತ್ತೆ.

ನಾನೂ ಬಗ್ಗಿ ನೋಡಿದೆ. ಹೌದೆನ್ನಲೂ ಅಲ್ಲವೆನ್ನಲೂ ಆಗಲಿಲ್ಲ. ಅಷ್ಟು ವರ್ಷ ಮನೆಯಲ್ಲಿದ್ದರೂ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನಾಲ್ಕು ದಿನಕ್ಕೆ ಅನುಮಾನ ನನ್ನೊಳಗೂ ಬೇರು ಬಿಟ್ಟಿತು. ಜಮಖಾನ ಸುತ್ತಿಕೊಂಡು ಹರಪನಹಳ್ಳಿಗೆ ಹೋದೆ.

ಮಾಸ್ತರರ ಗೋಡೆಯ ತುಂಬ ಗ್ರಾಫ್ ಹಾಳೆಗಳು. ನಮ್ಮ ನಕ್ಷತ್ರಗಳೇ, ಒಂದೊಂದು ಚೌಕಕ್ಕೂ ಬಣ್ಣ ತುಂಬಿದ್ದರು.

“ನಮ್ಮ ಅತ್ತಿಯವರು ಇದು ಬ್ಯಾರೆ ಐತಿ ಅಂತಾರ್ರಿ” ಎಂದೆ. ದನಿ ಗಡುಸಾಗಿಯೇ ಬಂತು.

ಅವರು ಸಿಟ್ಟಾಗಲಿಲ್ಲ. ಅಂಟವಾಳದ ನೊರೆಯಲ್ಲಿ ತೊಳೆದು, ಉಣ್ಣೆ ಎಳೆಗೆ ಬಣ್ಣ ಕಟ್ಟಿ ತೂತು ಮುಚ್ಚಿದ್ದು ತಮ್ಮ ಹೆಂಡತಿ ಎಂದರು. ಆಮೇಲೆ ಒಂದು ಹಾಳೆಯ ಮೇಲೆ ಬೆರಳಿಟ್ಟರು. “ಇಲ್ಲಿ ನೋಡ್ರಿ, ನೇಯೋರಿಗೆ ನೀಲಿ ಎಳೆ ಮುಗಿದೈತೆ. ಮೂರು ಕೊಕ್ಕೆ ಹಸಿರಾಗ್ಯಾವೆ. ನಕಲು ಮಾಡೋರು ಇಂಥದ್ದನ್ನ ತಿದ್ದಿಬಿಡ್ತಾರೆ.”

ಜಮಖಾನ ಬಿಡಿಸಿದೆ. ಅದೇ ಜಾಗದಲ್ಲಿ ಮೂರು ಹಸಿರು ಕೊಕ್ಕೆಗಳಿದ್ದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರ ಹೆಂಡತಿ ಕೊಟ್ಟ ಮಂಡಕ್ಕಿ ತಿಂದು, ಜಮಖಾನ ಸುತ್ತಿಕೊಂಡು ಬಸ್ಸು ಹತ್ತಿದೆ.

ಊರಿಗೆ ಬಂದು ಎಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡು, “ತಪ್ಪನ್ನೂ ಹಾಳಿ ಮ್ಯಾಲ ಬರ್ಕೊಂಡವಗ ಅದನ್ನ ನೇಯಿಸೋದು ದೊಡ್ಡದೇನವ?” ಎಂದರು.

ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿದ್ದ ನಂಬಿಕೆ ಮತ್ತೆ ಅಲುಗಾಡಿತು.

ನಕಲೆಂದ ಮೇಲೆ ಅತ್ತೆ ಅದನ್ನು ಟ್ರಂಕಿಗೆ ಹಾಕಲಿಲ್ಲ. ಮಕ್ಕಳು ಅದರ ಮೇಲೆ ಮಲಗಿದರು, ಶೇಂಗಾ ಸುಲಿದರು. ಬೇಸಿಗೆಯಲ್ಲಿ ಹಪ್ಪಳ ಒಣಗಿಸಿದೆವು. ಐದಾರು ವರ್ಷಕ್ಕೆ ನಡುವೆ ಸವೆದು ನೂಲು ಕಂಡಿತು. ಇದು ಅಸಲೇ ಇದ್ದರೆ ಎಂಬ ಮಾತು ಎಷ್ಟೋ ಸಲ ಬಾಯಿಗೆ ಬಂದರೂ ಆಡಲಿಲ್ಲ. ಕೊನೆಗೆ ಅದನ್ನು ಎರಡು ತುಂಡು ಮಾಡಿದವಳೂ ನಾನೇ, ಬಾಗಿಲಿಗೊಂದು, ಬಚ್ಚಲಿಗೊಂದು.