ಅಪ್ಪಣೆ ಕೇಳದ ಚಿಪ್

ಚಿಂತಾಮಣಿಯ ಮೇಷ್ಟ್ರು ಅನಂತರಾಮಯ್ಯನವರ ಮಗಳು ಶ್ರೀವಲ್ಲಿ ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜಿನ ಕೆಲಸ ಬಿಟ್ಟು, ರೇಷ್ಮೆಹುಳು ಸಾಕುವ ಮನೆಗಳಲ್ಲಿ ಶಾಖ, ತೇವ ಹೆಚ್ಚುಕಡಿಮೆಯಾದರೆ ಕೂಗಿ ಎಚ್ಚರಿಸುವ ಪೆಟ್ಟಿಗೆ ಮಾಡಲು ಹೊರಟಳು. ಅವಳ ಹಳೆಯ ವಿದ್ಯಾರ್ಥಿ, ಗೌರಿಬಿದನೂರಿನ ನರೇಂದ್ರ ಜೊತೆಯಾದ. ಅಂಗಡಿಯ ಚಿಪ್‌ಗಳು ಬ್ಯಾಟರಿಯನ್ನು ಬೇಗ ತಿಂದುಹಾಕುತ್ತಿದ್ದವು. ಲೆಕ್ಕವನ್ನೆಲ್ಲ ಒಂದೇ ಏಟಿಗೆ ಮುಗಿಸುವ ಹೊಸ ಆಜ್ಞೆಯೊಂದನ್ನು, ಅಂದರೆ ಇನ್‌ಸ್ಟ್ರಕ್ಷನ್ ಒಂದನ್ನು, ಸೇರಿಸಿ ತಮ್ಮದೇ ಚಿಪ್ ರೂಪಿಸಬೇಕೆಂದು ಅವಳು ಹಟ ಹಿಡಿದಳು.

ದೊಡ್ಡ ಚಿಪ್ ಕಂಪನಿಯೊಂದರ ಮ್ಯಾನೇಜರ್ ವಾದಿರಾಜ ಹುಡುಕಿಕೊಂಡು ಬಂದ.

"ನಮ್ಮ ಪ್ರೊಸೆಸರ್ ಹಾಕಿ ಮೇಡಂ. ಲೈಸೆನ್ಸ್ ತಗೊಳ್ಳಿ, ಚಿಪ್ ಒಂದಕ್ಕಿಷ್ಟು ಅಂತ ಕೊಡಿ. ನಿಮ್ಮ ಪೆಟ್ಟಿಗೆ ಎಲ್ಲಾ ನಾವೇ ಕೊಂಡ್ಕೋತೀವಿ."

"ನಮ್ಮ ಆಜ್ಞೆ ಸೇರಿಸ್ಕೊಬಹುದಾ?"

"ಪ್ರೊಸೆಸರ್ ಒಳಗೆ ಮಾತ್ರ ಏನೂ ಮುಟ್ಟಂಗಿಲ್ಲ."

"ಹಂಗಾದ್ರೆ ಬೇಡ ಸಾರ್. ಯಾರು ಬೇಕಾದ್ರೂ ಬಳಸೋ, ಬದಲಾಯಿಸೋ ಆಜ್ಞೆಗಳ ಪಟ್ಟಿ ಒಂದಿದೆ, ಮುಕ್ತ ಇನ್‌ಸ್ಟ್ರಕ್ಷನ್ ಸೆಟ್ ಅಂತ. ಅದರಲ್ಲೇ ಮಾಡ್ತೀವಿ."

ವಾದಿರಾಜ ನಕ್ಕ. "ಆಜ್ಞೆಗಳು ಬಿಟ್ಟಿ ಸಿಗಬಹುದು. ಅವನ್ನ ನಡೆಸೋ ಒಳಗಿನ ಉಪಾಯಗಳಿಗೆ ಪೇಟೆಂಟ್ ಇರುತ್ತೆ. ಯಾರಾದ್ರೂ ಕೋರ್ಟಿಗೆ ಎಳೆದ್ರೆ?"

"ಎಳೀಲಿ. ಹೋಗ್ತೀವಿ."

ಅವನು ಹೋದ ಮೇಲೆ ನರೇಂದ್ರ ಗೊಣಗಿದ. "ಬಂದ ಗಿರಾಕೀನ ಕಳಿಸ್ಬಿಟ್ರಲ್ಲ ಮೇಡಂ."

"ನಾಳೆ ಏನು ಬದಲಾಯಿಸ್ಬೇಕು ಅಂದ್ರೂ ಅವರನ್ನ ಕೇಳ್ಕೊಂಡು ಕೂರಬೇಕು ಕಣೋ. ನನ್ನ ಕೈಲಾಗಲ್ಲ."

ಆದರೆ ವಾದಿರಾಜನ ಮಾತು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಪೇಟೆಂಟ್ ವಕೀಲೆ ಅಲಮೇಲು ಅವರಿಗೆ ಇಡೀ ವಿನ್ಯಾಸ ತೋರಿಸಿದಳು. ಒಂದು ಭಾಗ ಸಿಕ್ಕಿಬಿತ್ತು. ಮುಂದಿನ ಆಜ್ಞೆಯನ್ನು ಮೊದಲೇ ಊಹಿಸುವ ಆ ಉಪಾಯ ಬೇರೊಬ್ಬರ ಪೇಟೆಂಟಿನೊಳಗಿತ್ತು. ನರೇಂದ್ರ ಅದಕ್ಕಾಗಿ ತಿಂಗಳುಗಟ್ಟಲೆ ಒದ್ದಾಡಿದ್ದ. ಶ್ರೀವಲ್ಲಿ ಅದನ್ನು ಕಿತ್ತು, ಪೇಟೆಂಟಿನ ಅವಧಿ ಮುಗಿದಿದ್ದ ಹಳೆಯ ವಿಧಾನ ಹಾಕಿದಳು. ಚಿಪ್ ನಿಧಾನವಾಯಿತು. ನರೇಂದ್ರ ಎರಡು ದಿನ ಮುಖ ಊದಿಸಿಕೊಂಡೇ ಕೆಲಸ ಮಾಡಿದ.

"ಹುಳ ಎಲೆ ತಿನ್ನೋದಕ್ಕಿಂತ ಜೋರಾಗೇ ಇದೆ ಬಿಡಪ್ಪ," ಎಂದಳು. ಅವನಿಗೆ ನಗು ತಡೆಯಲಾಗಲಿಲ್ಲ.

ಮೊದಲ ಮಾದರಿ ಚಿಪ್‌ಗಳು ಉಸಿರೇ ಎತ್ತಲಿಲ್ಲ. ವಿನ್ಯಾಸದಲ್ಲಿ ತಪ್ಪು ಮಾಡಿದ್ದವಳು ಶ್ರೀವಲ್ಲಿಯೇ. ಸುದ್ದಿ ತಿಳಿದು ವಾದಿರಾಜ ಫೋನ್ ಮಾಡಿದ. "ನಮ್ಮ ಬಾಗಿಲು ತೆಗೆದೇ ಇದೆ ಮೇಡಂ."

"ಹಾಕ್ಕೊಳ್ಳಿ ಸಾರ್, ಧೂಳು ಬರುತ್ತೆ."

ತಪ್ಪು ತಿದ್ದಿ ಮಾಡಿಸಿದ ಎರಡನೆಯ ಸಲದ ಚಿಪ್ ಓಡಿತು. ಶಿಡ್ಲಘಟ್ಟದ ಹತ್ತಿರ ಮುನಿಶಾಮಮ್ಮನ ಹುಳುಮನೆಯಲ್ಲಿ ಪೆಟ್ಟಿಗೆ ಇಟ್ಟರು. ಕರೆಂಟ್ ಹೋದ ಮಧ್ಯಾಹ್ನವೂ ಶಾಖ ಏರಿತೆಂದು ಅದು ಕೂಗಿ ಎಚ್ಚರಿಸಿತು. ಆಕೆ ಗೋಣಿತಾಟು ನೆನೆಸಿ ಕಿಟಕಿಗಳಿಗೆ ಕಟ್ಟಿದಳು. "ಇದನ್ನ ವಾಪಸ್ ಕೇಳ್ಬೇಡಮ್ಮ, ಕೊಡಲ್ಲ ನಾನು," ಎಂದಳು.

ಹೊಸ ಆಜ್ಞೆಗೆ ಪೇಟೆಂಟ್ ಮಾಡಿಸೋಣವೇ ಎಂದು ಅಲಮೇಲು ಕೇಳಿದರು.

"ಬೇಡ. ಎಲ್ಲರಿಗೂ ಕಾಣೋ ಹಂಗೆ ಪ್ರಕಟಿಸಿಬಿಡಿ. ಒಂದ್ಸಲ ಪ್ರಕಟ ಆದ್ಮೇಲೆ ಅದರ ಮೇಲೆ ಯಾರಿಗೂ ಪೇಟೆಂಟ್ ಸಿಗಲ್ಲ. ಇನ್ನು ಯಾವನೂ ಬಂದು ಇದು ನಂದು ಅನ್ನಬಾರದು," ಎಂದಳು ಶ್ರೀವಲ್ಲಿ.